ಯಾವುದರ ಜೊತೆ ಹೋಲಿಸಿ ನೋಡಿದರು? ಮಾಜಿ ಸೈನಿಕರ ಮೂಳೆ, ಕೀಲು ಮತ್ತು ಸಂಶೋಧನೆ

ಚಿತ್ರದುರ್ಗದಲ್ಲಿ ಮಾಜಿ ಸೈನಿಕರು ಮತ್ತು ಅವರ ಮನೆಯವರ ಮುಂದೆ ಮೂಳೆ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ.

ಫೌಜಿನಲ್ಲಿ ಇದ್ದು ಬಂದವರ ಮಂಡಿ ಬೇಗ ಸವೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿಯೇ ಹೇಳುತ್ತದೆ. ಎಷ್ಟು ಬೇಗ, ಯಾರಿಗೆ ಜಾಸ್ತಿ, ಯಾವ ಚಿಕಿತ್ಸೆಯಿಂದ ನಿಜವಾಗಿ ಉಪಯೋಗ ಅನ್ನೋದಕ್ಕೆ ಮಾತ್ರ ಲೆಕ್ಕ ಬೇಕು. ಇವತ್ತು ನಾನು ಹೇಳುವ ಲೆಕ್ಕಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ನಿವೃತ್ತ ಸೈನಿಕರಿಗೆ ಅಂತಲೇ ದೊಡ್ಡ ಆಸ್ಪತ್ರೆಗಳ ಜಾಲ ಇದೆ. ಅಲ್ಲಿನ ವೈದ್ಯರು ಚಿಕಿತ್ಸೆ ಕೊಡುತ್ತಲೇ ಸಂಶೋಧನೆಯನ್ನೂ ಮಾಡುತ್ತಾರೆ.

ಮೊದಲು ಕಾಯಿಲೆಯ ಪ್ರಮಾಣ ನೋಡೋಣ. 1999ರಿಂದ 2008ರವರೆಗೆ ಅಮೆರಿಕದ ಸೇನೆಯಲ್ಲಿ ಕೆಲಸದಲ್ಲಿದ್ದವರ ದಾಖಲೆಗಳನ್ನು ತೆಗೆದು ಎಣಿಸಿದರು. ಹೊಸದಾಗಿ ಕೀಲು ಸವೆತ ಅಂತ ವೈದ್ಯರು ಬರೆದದ್ದು 1,08,266 ಮಂದಿಗೆ. ಇವರು ನಿವೃತ್ತರಲ್ಲ, ಇನ್ನೂ ಯೂನಿಫಾರ್ಮಿನಲ್ಲಿದ್ದವರು. 40 ದಾಟಿದವರಲ್ಲಿ ಈ ಸವೆತ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ನಮ್ಮಲ್ಲಿ ಸಿಪಾಯಿಗಳು ಪೆನ್ಷನ್ ಬರುವ ಹೊತ್ತಿಗೆ 35ರಿಂದ 40ರ ಒಳಗೆ ಇರುತ್ತಾರೆ. ಅಂದರೆ ನೋವು ಜೋರಾಗುವುದು ಮನೆಗೆ ಬಂದ ಮೇಲೆ. ಊರಿನವರು ನೋಡಿ "ಆರಾಮಾಗಿ ಕೂತು ಪೆನ್ಷನ್ ತಗೊಂಡು ಮೈಗೆ ಜಡ ಬಂದಿದೆ" ಅಂತಾರೆ. ಜಡ ಅಲ್ಲ, ಹಳೇ ಬಾಕಿ.

ಬಾಕಿ ಎಲ್ಲಿಂದ ಬಂತು? ಬೆನ್ನ ಮೇಲೆ ಪಿಟ್ಟು ಅನ್ನುವ ಸಾಮಾನಿನ ಚೀಲ, ಕೈಯಲ್ಲಿ ರೈಫಲ್, ಕಾಲಲ್ಲಿ ಬೂಟು, ಐದು ಕಿಲೋಮೀಟರ್ ಓಟ. ಸಮತಟ್ಟಾದ ನೆಲದಲ್ಲಿ ಸುಮ್ನೆ ನಡೆಯುವಾಗಲೇ ಮಂಡಿಯ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. ಇದು ಅಂದಾಜಲ್ಲ. ಅಳತೆ ಮಾಡುವ ಪುಟ್ಟ ಯಂತ್ರವನ್ನೇ ಕೃತಕ ಮಂಡಿಯೊಳಗೆ ಇಟ್ಟು ಜರ್ಮನಿಯಲ್ಲಿ ಅಳೆದದ್ದು. ಇನ್ನು ಪರೇಡಿನಲ್ಲಿ ಹಿಮ್ಮಡಿ ಎತ್ತಿ ನೆಲಕ್ಕೆ ಬಡಿಯುವುದು ಇದೆಯಲ್ಲ, ಅದನ್ನು ಬ್ರಿಟಿಷ್ ಸೇನೆಯ ರಿಕ್ರೂಟ್‌ಗಳ ಮೇಲೆ ಅಳೆದಿದ್ದಾರೆ. ಆ ಒಂದು ಏಟಿಗೆ ಮೈತೂಕದ ಹಲವು ಪಟ್ಟು ಹೊಡೆತ. ಡ್ರಿಲ್ ಉಸ್ತಾದರು ಯಾರಾದರೂ ಇಲ್ಲಿದ್ದರೆ ಬೇಜಾರು ಮಾಡ್ಕೋಬೇಡಿ. ನಿಮ್ಮ ಮಂಡಿಯೂ ಅದೇ ಏಟು ತಿಂದಿದೆ.

ಗಾಯದ ವಿಷಯ ಬೇರೆ. ಆಟ ಆಡುವಾಗ ಮಂಡಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದುಕೊಂಡವರಲ್ಲಿ ಸುಮಾರು ಅರ್ಧ ಜನರಿಗೆ 10ರಿಂದ 20 ವರ್ಷಗಳಲ್ಲಿ ಸವೆತ ಬರುತ್ತದೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಗಾಯಗೊಂಡು ಸೇನೆಯಿಂದ ಹೊರಬಂದ ಅಮೆರಿಕದ ಸೈನಿಕರ ಕಡತಗಳನ್ನು ನೋಡಿದಾಗ, ಗಾಯದಿಂದ ಸವೆತದವರೆಗೆ ಸರಾಸರಿ 19 ತಿಂಗಳು ಅಷ್ಟೇ ಹಿಡಿದಿತ್ತು. ಸ್ಫೋಟದಲ್ಲಿ ಕೀಲಿನ ಒಳಗಿನ ಮೆದುಮೂಳೆ ಒಂದೇ ಸಲಕ್ಕೆ ಚೂರಾಗುತ್ತದೆ. ಆಮೇಲೆ ಅದು ಮೊದಲಿನ ಹಾಗೆ ಕೂಡಿಕೊಳ್ಳುವುದಿಲ್ಲ.

ಈಗ ನಾನು ಹೇಳಲೇಬೇಕು ಅಂತ ಬಂದ ವಿಷಯ.

ಮಂಡಿ ಸವೆತಕ್ಕೆ ದುರ್ಬೀನ್ ಆಪರೇಷನ್, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಮಾಡಿ ಒಳಗೆ ತೊಳೆದು, ಕೆರೆದು, ಸ್ವಚ್ಛ ಮಾಡುವ ಪದ್ಧತಿ ಇತ್ತು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಆರೂವರೆ ಲಕ್ಷ ಆಗುತ್ತಿದ್ದವು, ಒಂದೊಂದಕ್ಕೆ ಸುಮಾರು 5,000 ಡಾಲರ್ ಖರ್ಚು. ಮಾಡಿಸಿಕೊಂಡವರಲ್ಲಿ ಎಷ್ಟೋ ಜನ "ಈಗ ಪರವಾಗಿಲ್ಲ ಡಾಕ್ಟ್ರೇ" ಅನ್ನುತ್ತಿದ್ದರು. ರೋಗಿ ಆರಾಮ ಅಂದಮೇಲೆ ಇನ್ನೇನು ಬೇಕು, ಅಲ್ವಾ?

ಹ್ಯೂಸ್ಟನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಬ್ರೂಸ್ ಮೋಸ್ಲಿ ಅನ್ನುವ ಮೂಳೆ ವೈದ್ಯರಿಗೆ ಮತ್ತು ಅವರ ಜೊತೆಯವರಿಗೆ ಇಷ್ಟು ಸಾಕಾಗಲಿಲ್ಲ. 180 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿ ತೊಳೆದರು. ಇನ್ನೊಂದಕ್ಕೆ ತೊಳೆದು ಕೆರೆದರು. ಮೂರನೆಯವರಿಗೆ ಏನು ಮಾಡಿದರು ಗೊತ್ತಾ? ಚರ್ಮದ ಮೇಲೆ ಮೂರು ಸಣ್ಣ ಗಾಯ ಮಾಡಿದರು. ಒಳಗೆ ಏನನ್ನೂ ಹಾಕಲಿಲ್ಲ. ಆದರೂ ಡಾಕ್ಟರು ಒಂದೊಂದೇ ಸಾಮಾನು ಕೇಳಿ ಕೈಗೆ ತೆಗೆದುಕೊಂಡರು, ಕಾಲನ್ನು ಆಪರೇಷನ್ನಿನಲ್ಲಿ ತಿರುಗಿಸುವ ಹಾಗೇ ತಿರುಗಿಸಿದರು, ತೊಳೆಯುವ ಸದ್ದು ಬರಲಿ ಅಂತ ಸಲೈನ್ ನೀರನ್ನು ಚೆಲ್ಲಾಡಿದರು. ಹೊಲಿಗೆ ಹಾಕಿ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ತನಗೆ ಯಾವುದು ಆಯಿತು ಅನ್ನುವುದು ರೋಗಿಗೆ ಗೊತ್ತಿಲ್ಲ. ಆಮೇಲೆ ಬಂದು ನೋವು ಎಷ್ಟಿದೆ ಅಂತ ಕೇಳಿ ಬರೆದುಕೊಳ್ಳುವವರಿಗೂ ಗೊತ್ತಿಲ್ಲ.

ಎರಡು ವರ್ಷ ನೋಡಿದರು. ಮೂರೂ ಗುಂಪು ಒಂದೇ. ಸುಳ್ಳು ಆಪರೇಷನ್ ಆದವರಿಗಿಂತ ನಿಜವಾದ ಆಪರೇಷನ್ ಆದವರು ಯಾವ ಹಂತದಲ್ಲೂ ಮೇಲಾಗಲಿಲ್ಲ. 2002ರಲ್ಲಿ ಇದು ಅಚ್ಚಾದಾಗ ನಮ್ಮ ವೃತ್ತಿಯವರಿಗೆ ಕಸಿವಿಸಿ ಆಯಿತು. ಎಷ್ಟೋ ಜನ ಜಗಳಕ್ಕೇ ನಿಂತರು. ಮುಂದೆ ಬೇರೆ ಕಡೆ ಮಾಡಿದ ಪರೀಕ್ಷೆಗಳೂ ಅದೇ ಕಡೆ ಕೈ ತೋರಿಸಿದವು.

ನನಗೆ ಇದರಲ್ಲಿ ಇಷ್ಟವಾಗುವುದು ಡಾಕ್ಟರ ಜಾಣತನಕ್ಕಿಂತ ಆ ಸೈನಿಕರು. ಯಾರಿಗೂ ಮೋಸ ಮಾಡಿ ಸೇರಿಸಿಕೊಂಡಿರಲಿಲ್ಲ. "ನನಗೆ ಬರೀ ಸುಳ್ಳು ಆಪರೇಷನ್ ಆಗಬಹುದು, ಅದರಿಂದ ಸವೆತಕ್ಕೆ ಏನೂ ಉಪಯೋಗ ಇಲ್ಲ ಅಂತ ತಿಳಿದಿದೆ" ಅನ್ನುವ ಅರ್ಥದ ಮಾತನ್ನು ಪ್ರತಿಯೊಬ್ಬರೂ ತಮ್ಮ ಕೈಯಾರೆ ಬರೆದುಕೊಡಬೇಕಿತ್ತು. ಕೇಳಿದವರಲ್ಲಿ 144 ಮಂದಿ ಬೇಡಪ್ಪ ಅಂದು ಹೋದರು, ಅದು ಸಹಜ. ಉಳಿದ 180 ಮಂದಿ ಬರೆದುಕೊಟ್ಟರು. ಇವತ್ತು ನಿಮ್ಮಲ್ಲಿ ಯಾರಿಗಾದರೂ "ಸವೆತಕ್ಕೆ ದುರ್ಬೀನ್ ಹಾಕಿ ಕ್ಲೀನ್ ಮಾಡಿಬಿಡೋಣ" ಅಂತ ಹೇಳಿದರೆ ನೀವು ಧೈರ್ಯವಾಗಿ ಎದುರು ಪ್ರಶ್ನೆ ಕೇಳಬಹುದು. ಅದು ಅವರು ಗಳಿಸಿಕೊಟ್ಟ ಧೈರ್ಯ. ಪ್ರಶ್ನೆ ಇಷ್ಟೇ: ಯಾವುದರ ಜೊತೆ ಹೋಲಿಸಿ ನೋಡಿದ್ದಾರೆ?

ತಪ್ಪು ತಿಳಿಯಬೇಡಿ. ಹುಡುಗರಲ್ಲಿ ಮಂಡಿಯೊಳಗಿನ ಗಾದಿಯಂಥ ಮೆದುಮೂಳೆ ಹರಿದು ಮಂಡಿ ಮಡಚಿದ್ದು ಮಡಚಿದ ಹಾಗೇ ಲಾಕ್ ಆದರೆ, ಲಿಗಮೆಂಟ್ ಹರಿದರೆ, ದುರ್ಬೀನ್ ಬೇಕಾಗುತ್ತದೆ. ಸವೆತ ಕೊನೆಯ ಹಂತಕ್ಕೆ ಬಂದು ರಾತ್ರಿ ನಿದ್ದೆ ಹಾಳಾದವರಿಗೆ ಮಂಡಿ ಬದಲಾವಣೆ ಒಳ್ಳೆಯ ಆಪರೇಷನ್. ನಾನೇ ಮಾಡಿಸಿಕೊಳ್ಳಿ ಅನ್ನುತ್ತೇನೆ. ನಾನು ಹೇಳಿದ್ದು ನಡುವಿನ ಹಂತದಲ್ಲಿರುವ, ಬರೀ ಸವೆತದ ಮಂಡಿಗೆ.

ಹಾಗಾದರೆ ನಡುವಿನ ಹಂತಕ್ಕೆ ಏನು? ಇಂಜೆಕ್ಷನ್ ಅಂತೀರಿ. ಅದನ್ನೂ ಸೇನೆಯವರೇ ನೋಡಿದ್ದಾರೆ. ಅಮೆರಿಕದ ಎರಡು ಸೇನಾ ಆಸ್ಪತ್ರೆಗಳಲ್ಲಿ 156 ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಬ್ಬರಿಗೆ ಫಿಸಿಯೋಥೆರಪಿ ಕೊಟ್ಟರು. ನೋವು, ಬಿಗಿತ, ಓಡಾಟದ ತೊಂದರೆ ಸೇರಿಸಿ 240ಕ್ಕೆ ಅಂಕ. ಅಂಕ ಕಮ್ಮಿ ಆದಷ್ಟೂ ಒಳ್ಳೆಯದು. ಶುರುವಿನಲ್ಲಿ ಎರಡೂ ಗುಂಪು ಸುಮಾರು 108ರಲ್ಲಿದ್ದವು. ಒಂದು ವರ್ಷ ಆದ ಮೇಲೆ ಇಂಜೆಕ್ಷನ್ ಗುಂಪು 55.8, ಫಿಸಿಯೋ ಗುಂಪು 37. ಇದು 2020ರ ಮಾತು. ಇಂಜೆಕ್ಷನ್‌ನಿಂದಲೂ ಉಪಯೋಗ ಆಯಿತು, ನೋಡಿ. ವ್ಯಾಯಾಮದಿಂದ ಇನ್ನೂ ಜಾಸ್ತಿ ಆಯಿತು.

ಆದರೆ ವ್ಯಾಯಾಮ ಅಂದ ತಕ್ಷಣ ಫೌಜಿಗಳು ಒಂದು ಕೆಲಸ ಮಾಡುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಕೋಟೆ ಮೆಟ್ಟಿಲು ಹತ್ತುತ್ತಾರೆ! ಏಳು ಸುತ್ತಿನ ಕೋಟೆ ಮೇಲೆ ನನಗೂ ಅಭಿಮಾನ ಇದೆ, ಆದರೆ ಸವೆದ ಮಂಡಿಗೆ ಅದು ಮೊದಲ ದಿನದ ವ್ಯಾಯಾಮ ಅಲ್ಲ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿ ಚಿಪ್ಪಿನ ಹಿಂದೆ ಜಾಸ್ತಿ ಒತ್ತಡ ಬೀಳುತ್ತದೆ, ನೋವು ಕೆರಳುತ್ತದೆ. ಶುರು ಮಾಡುವುದು ಕುರ್ಚಿಯಿಂದ. ಗಟ್ಟಿಯಾದ ಕುರ್ಚಿ, ಕೈ ಎದೆಯ ಮೇಲೆ ಕಟ್ಟಿಕೊಳ್ಳಿ, ನಿಧಾನ ಏಳಿ, ಅದಕ್ಕಿಂತ ನಿಧಾನ ಕೂರಿ. ಧಪ್ ಅಂತ ಕೂತರೆ ಲೆಕ್ಕಕ್ಕಿಲ್ಲ. ಕೂರುವಾಗಲೇ ತೊಡೆಯ ಮುಂದಿನ ಸ್ನಾಯು ಕೆಲಸ ಮಾಡುವುದು. ಕಷ್ಟ ಆದರೆ ಕುರ್ಚಿ ಮೇಲೆ ಒಂದು ದಿಂಬು ಇಟ್ಟು ಎತ್ತರ ಮಾಡಿ. ಆಮೇಲೆ ಮಲಗಿ ಮಂಡಿ ಮಡಚದೆ ಒಂದೊಂದೇ ಕಾಲು ಎತ್ತಿ, ಐದು ಎಣಿಸಿ ಇಳಿಸಿ. ಮಾಡಿದ ಮೇಲೆ ಸ್ವಲ್ಪ ನೋವು ಬಂದು ಮಾರನೇ ದಿನದೊಳಗೆ ಇಳಿದರೆ ಸರಿ. ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ.

ತೂಕದ ಮಾತು ಬೇಗ ಮುಗಿಸುತ್ತೇನೆ, ಯಾರಿಗೂ ಹಿಡಿಸುವುದಿಲ್ಲ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ಕಮ್ಮಿ. 2005ರಲ್ಲಿ ಪ್ರಯೋಗ ಮಾಡಿ ಕಂಡುಕೊಂಡಿದ್ದು. ಊರಿಗೆ ಬಂದ ಮೇಲೆ ಏರಿದ ಹತ್ತು ಕಿಲೋಗೆ ನೀವೇ ಗುಣಿಸಿಕೊಳ್ಳಿ.

ಕೀಲು ನೋವು ಎಲ್ಲವೂ ಸವೆತ ಅಲ್ಲ. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳು ಒಂದು ಗಂಟೆ ಹೊತ್ತು ಬಿಗಿದುಕೊಂಡಿರುತ್ತವೆ, ಊದಿರುತ್ತವೆ, ಲುಂಗಿ ಕಟ್ಟುವುದೂ ಕಷ್ಟ ಅಂದರೆ ಅದು ರುಮಟಾಯ್ಡ್ ಅನ್ನುವ ಉರಿಯೂತದ ಕೀಲುವಾತ ಇರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ. ಇದಕ್ಕೆ ಬಹಳ ದುಬಾರಿ ಇಂಜೆಕ್ಷನ್‌ಗಳು ಬಂದಿವೆ. ಒಂದೇ ಮಾತ್ರೆಗೆ, ಅಂದರೆ ಮೆಥೊಟ್ರೆಕ್ಸೇಟ್‌ಗೆ, ಬಗ್ಗದ 353 ಜನರನ್ನು ಸೇರಿಸಿ ಒಂದು ಪರೀಕ್ಷೆ ಮಾಡಿದರು. ಅದರಲ್ಲೂ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳೇ ಮುಂದೆ ನಿಂತಿದ್ದವು. ಅರ್ಧ ಜನಕ್ಕೆ ಹಳೆಯ ಮೂರು ಮಾತ್ರೆ ಸೇರಿಸಿ ಕೊಟ್ಟರು: ಮೆಥೊಟ್ರೆಕ್ಸೇಟ್, ಸಲ್ಫಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್. ಉಳಿದವರಿಗೆ ಮೆಥೊಟ್ರೆಕ್ಸೇಟ್ ಜೊತೆ ದುಬಾರಿ ಇಂಜೆಕ್ಷನ್. 24 ವಾರಕ್ಕೆ ಗುಣ ಕಾಣದವರನ್ನು ಆ ಕಡೆಯಿಂದ ಈ ಕಡೆಗೆ ಬದಲಾಯಿಸಿದರು. 48 ವಾರ ಆದ ಮೇಲೆ ನೋಡಿದರೆ ಮೂರು ಮಾತ್ರೆಯಿಂದ ಶುರು ಮಾಡಿದವರು ಹಿಂದೆ ಬಿದ್ದಿರಲಿಲ್ಲ. 2013ರಲ್ಲಿ ಇದು ಹೊರಗೆ ಬಂತು. ಆ ಮೂರೂ ಮಾತ್ರೆ ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ, ಹೆಣ್ಣುಮಕ್ಕಳು ಕೇಳಿಸಿಕೊಳ್ಳಿ, ಮನೆಯಲ್ಲಿ ಮಾತ್ರೆ ಕೊಡುವವರು ನೀವೇ ಅಲ್ವಾ: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದಂತೆ ರಕ್ತ ಪರೀಕ್ಷೆಯನ್ನೂ ತಪ್ಪಿಸಬೇಡಿ.

ಇನ್ನು ಹೆಬ್ಬೆರಳು. ರಾತ್ರಿ ಮಲಗುವಾಗ ಚೆನ್ನಾಗಿದ್ದು, ನಡುರಾತ್ರಿ ಹೊದಿಕೆ ತಾಗಿದರೂ ಕಿರುಚುವ ಹಾಗೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡರೆ ಅದು ಗೌಟ್. ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂರುತ್ತದೆ. ಮಿಲಿಟರಿ ಕ್ಯಾಂಟೀನಿನ ಮದ್ಯದ ಕೋಟಾ ಪೂರ್ತಿ ಖಾಲಿ ಮಾಡುವವರು ನಗುತ್ತಿದ್ದೀರಿ, ಕಾಣುತ್ತಿದೆ. ರಮ್ಮಿಗಿಂತ ಬಿಯರ್ ಈ ವಿಷಯದಲ್ಲಿ ಇನ್ನೂ ಕೆಟ್ಟದ್ದು. 2022ರಲ್ಲಿ ಇದೇ ಮಾಜಿ ಸೈನಿಕರ ಆಸ್ಪತ್ರೆಗಳಿಂದ ಇನ್ನೊಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 940 ಮಂದಿ. ಯೂರಿಕ್ ಆಸಿಡ್ ಇಳಿಸುವ ಎರಡು ಮಾತ್ರೆ: ಹಳೆಯ ಅಲೋಪ್ಯುರಿನಾಲ್ ಒಂದು ಕಡೆ, ಹೊಸ ಫೆಬುಕ್ಸೊಸ್ಟಾಟ್ ಇನ್ನೊಂದು ಕಡೆ. ಇಬ್ಬರಿಗೂ ಸಣ್ಣ ಡೋಸ್‌ನಿಂದ ಶುರು ಮಾಡಿ, ಯೂರಿಕ್ ಆಸಿಡ್ 6ರ ಕೆಳಗೆ ಬರುವವರೆಗೆ ಏರಿಸುತ್ತಾ ಹೋದರು. ಕೊನೆಯ ಹಂತದಲ್ಲಿ ಮತ್ತೆ ನೋವು ಕೆರಳಿದ್ದು ಹಳೆಯ ಮಾತ್ರೆಯವರಲ್ಲಿ ನೂರಕ್ಕೆ 36.5, ಹೊಸದರಲ್ಲಿ 43.5. ಹಳೆಯದು ಸೋಲಲಿಲ್ಲ. ನಮ್ಮಲ್ಲಿ ಆಗುವ ತಪ್ಪು ಅಂದರೆ ಅಲೋಪ್ಯುರಿನಾಲ್ 100 ಮಿಲಿಗ್ರಾಂ ಶುರು ಮಾಡಿ ವರ್ಷಗಟ್ಟಲೆ ಅಲ್ಲೇ ಬಿಡುವುದು, ಆಮೇಲೆ "ಈ ಮಾತ್ರೆ ನಂಗೆ ಆಗಿಬರಲ್ಲ" ಅನ್ನುವುದು.

ಹಿಪ್, ಅಂದರೆ ಸೊಂಟದ ಕೀಲಿನ ಬಗ್ಗೆ ಒಂದೇ ಮಾತು. ಮಂಡಿ ನೋವು ಅಂತ ಬರುತ್ತಾರೆ, ಮಂಡಿ ಎಕ್ಸ್‌ರೇ ಚೆನ್ನಾಗಿರುತ್ತದೆ. ಕಾಲು ಮಡಚಿ ಒಳಕ್ಕೆ ತಿರುಗಿಸಿದರೆ ತೊಡೆಸಂದಿಯಲ್ಲಿ ಹಿಡಿಯುತ್ತದೆ. ಕಾಯಿಲೆ ಇರುವುದು ಸೊಂಟದ ಕೀಲಿನಲ್ಲಿ, ನೋವು ತೋರುವುದು ಮಂಡಿಯಲ್ಲಿ. ಜಾಸ್ತಿ ಕುಡಿಯುವವರಲ್ಲಿ, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಚೆಂಡಿನಂಥ ತುದಿಗೆ ರಕ್ತ ಹೋಗುವುದು ನಿಂತು ಮೂಳೆ ಸಾಯಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ ಯಾವ ಸಂಶೋಧನೆಯಲ್ಲೂ ಇಲ್ಲದ ಒಂದು ಸಂಗತಿ ನಮ್ಮಲ್ಲಿದೆ: ಬೋರ್‌ವೆಲ್ ನೀರಿನ ಫ್ಲೋರೈಡ್. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ಪಕ್ಕದ ಜಗಳೂರು ಕಡೆ, ಇದು ಹಳೆಯ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಬಹಳ ಹೆಚ್ಚಿರುವ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಬೆನ್ನು ಬಿಗಿಯುತ್ತದೆ, ಕೀಲು ಹಿಡಿಯುತ್ತದೆ. ಭಾರತದಲ್ಲಿ ಮೂಳೆಯ ಈ ಕಾಯಿಲೆಯನ್ನು ಮೊದಲು ಬರೆದಿಟ್ಟದ್ದು 1937ರಲ್ಲಿ, ನೆಲ್ಲೂರು ಕಡೆ. ಎಕ್ಸ್‌ರೇಯಲ್ಲಿ ಮೂಳೆ ಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲೂ ಸುಣ್ಣ ಕಟ್ಟಿಕೊಂಡಿರುತ್ತದೆ. ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿದರೆ ನಂಬರ್ ಚೆನ್ನಾಗೇ ಬರುತ್ತದೆ. "ಮೂಳೆ ಗಟ್ಟಿ ಇದೆ" ಅಂತ ಖುಷಿಪಡುತ್ತೇವೆ. ಅದು ತೂಕ ಇರುವ, ಆದರೆ ಬೇಗ ಮುರಿಯುವ ಮೂಳೆ.

ಹಾಗಾಗಿ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಮಾಜಿ ಸೈನಿಕ ಬೆನ್ನು ಬಿಗಿತ ಅಂತ ಬಂದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ: ಯಾವ ರೆಜಿಮೆಂಟು, ಯಾವ ಬೋರ್‌ವೆಲ್ಲು? ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ ಅಂತಾರೆ. ಸಾರಿಗೆ, ಮುದ್ದೆಗೆ? "ಅದು ನಲ್ಲಿ ನೀರೇ." ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಡುಗೆಗೂ ಒಳ್ಳೆಯ ನೀರೇ ಬೇಕು.

ನನಗೆ ಒಂದು ಆಸೆ ಇದೆ. ಇಲ್ಲಿ ಮೆಡಿಕಲ್ ಓದುತ್ತಿರುವವರು ಇಬ್ಬರು ಮೂವರು ಕೂತಿದ್ದೀರಿ, ನಿಮಗೇ ಹೇಳುತ್ತಿದ್ದೇನೆ. ಒಂದೇ ಊರು, ಒಂದೇ ಮನೆಯ ಅಣ್ಣ ತಮ್ಮ. ಅಣ್ಣ ಹದಿನೇಳು ವರ್ಷ ಫೌಜಿನಲ್ಲಿದ್ದು ಭಾರ ಹೊತ್ತ, ಆದರೆ ಅಷ್ಟೂ ವರ್ಷ ಬೇರೆ ನೀರು ಕುಡಿದ. ತಮ್ಮ ಶೇಂಗಾ ಹೊಲದಲ್ಲೇ ಉಳಿದು ಊರ ನೀರು ಕುಡಿದ. ಇಂಥ ಜೋಡಿಗಳನ್ನು ಹುಡುಕಿ ಇಬ್ಬರ ಮಂಡಿ, ಬೆನ್ನು, ಮುಂಗೈ ಎಕ್ಸ್‌ರೇ ತೆಗೆದು ಪಕ್ಕಪಕ್ಕ ಇಡಿ. ಭಾರದ ಪಾಲು ಎಷ್ಟು, ನೀರಿನ ಪಾಲು ಎಷ್ಟು ಅಂತ ಬೇರೆ ಮಾಡಿ ನೋಡುವ ಅವಕಾಶ ಅಮೆರಿಕದವರಿಗೆ ಇಲ್ಲ, ನಮಗಿದೆ. ಒಂದು ತೊಡಕು ಗಮನದಲ್ಲಿರಲಿ: ಭರ್ತಿಯಲ್ಲಿ ಗಟ್ಟಿಮುಟ್ಟಾದವರನ್ನೇ ಆರಿಸಿಕೊಂಡಿರುತ್ತಾರೆ. ಉಳಿದ ತಮ್ಮನೂ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆದು, ಮೂಟೆ ಹೊತ್ತು ಮಂಡಿ ಸವೆಸಿಕೊಂಡಿರುತ್ತಾನೆ. ಅದನ್ನೂ ಲೆಕ್ಕಕ್ಕೆ ತರಬೇಕು.

ಕಾಲು ಕಳೆದುಕೊಂಡವರೂ ಸೇರಿದಂತೆ ಯುದ್ಧದಲ್ಲಿ ಗಾಯಗೊಂಡವರ ಬಗ್ಗೆ ಬ್ರಿಟನ್ನಿನಲ್ಲಿ ದೊಡ್ಡ ಅಧ್ಯಯನ ನಡೆಯುತ್ತಿದೆ. ಅಫ್ಘಾನಿಸ್ತಾನದಲ್ಲಿ ಗಾಯಗೊಂಡ 579 ಮಂದಿ, ಅಲ್ಲಿಗೆ ಹೋಗಿ ಗಾಯವಾಗದೆ ಬಂದ 566 ಮಂದಿ, 20 ವರ್ಷ ಜೊತೆಜೊತೆಗೆ ನೋಡಬೇಕು ಅಂತ ಗುರಿ. ಕಾಲು ತೆಗೆದ ಕಡೆಯ ಸೊಂಟದ ಮೂಳೆ ತೆಳ್ಳಗಾಗಿತ್ತು, ಬೆನ್ನುಮೂಳೆ ಸರಿಯಾಗೇ ಇತ್ತು. ಇಡೀ ಮೈಯ ಕಾಯಿಲೆಯಾಗಿದ್ದರೆ ಎರಡೂ ತೆಳ್ಳಗಾಗಬೇಕಿತ್ತು. ಆ ಕಡೆ ಭಾರ ಬೀಳದೆ ಇದ್ದದ್ದೇ ಕಾರಣ ಅಂತ ಅವರ ಅಂದಾಜು. ನಮ್ಮಲ್ಲಿ ಪುಣೆಯ ಕೃತಕ ಅಂಗ ಕೇಂದ್ರ 1944ರಿಂದ ಇದೆ, ಅಲ್ಲಿಂದ ಕಾಲು ಹಾಕಿಸಿಕೊಂಡು ಬಂದವರು ಮನೆಯಲ್ಲಿ ಬಿಚ್ಚಿಟ್ಟು ಊರುಗೋಲು ಹಿಡಿಯುತ್ತಾರೆ. ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಬಟ್ಟಲು, ಸಡಿಲ ಆಗಿದ್ದರೆ ಹೋಗಿ ಸರಿಮಾಡಿಸಿಕೊಳ್ಳಿ. ಕಾಲು ಹಾಕಿಕೊಂಡು ಭಾರ ಬಿಟ್ಟು ನಡೆಯಿರಿ.

ಕೊನೆಗೆ, ಹಿಂದಿನ ಸಾಲಿನಲ್ಲಿರುವ ಹುಡುಗರಿಗೆ. ಅಗ್ನಿವೀರ್ ರ‍್ಯಾಲಿಗೆ ಅಂತ ಟಾರ್ ರಸ್ತೆ ಮೇಲೆ ಓಡುತ್ತಿದ್ದೀರಿ. 1855ರಲ್ಲಿ ಬ್ರೈಟ್‌ಹೌಪ್ಟ್ ಅನ್ನುವ ಪ್ರಶ್ಯದ ಸೇನಾ ವೈದ್ಯ, ಮಾರ್ಚ್ ಮಾಡಿ ಮಾಡಿ ಪಾದ ಊದಿಕೊಂಡ ಸಿಪಾಯಿಗಳ ಬಗ್ಗೆ ಬರೆದಿಟ್ಟ. ಆಗ ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. ಅದು ಬಂದ ಮೇಲೆ ಗೊತ್ತಾಯಿತು, ಒಳಗೆ ಕೂದಲೆಳೆಯಷ್ಟು ಬಿರುಕು. ಮೂಳೆ ಅನ್ನುವುದು ರಿಪೇರಿಯಲ್ಲಿರುವ ಗೋಡೆ ಇದ್ದ ಹಾಗೆ, ಹೊಸ ಗಾರೆ ಹಾಕುವ ಮೊದಲು ಹಳೇದನ್ನು ಕೆತ್ತುತ್ತದೆ. ಒಮ್ಮೆಲೇ ಓಟ ಏರಿಸಿದರೆ ಕೆತ್ತಿದ ಜಾಗದಲ್ಲೇ ಏಟು ಬೀಳುತ್ತದೆ. ಅಮೆರಿಕದ ನೌಕಾಪಡೆಗೆ ಸೇರಿದ 5,201 ಹೆಣ್ಣುಮಕ್ಕಳಲ್ಲಿ ಅರ್ಧ ಜನಕ್ಕೆ ತರಬೇತಿಯ ಎಂಟು ವಾರ ದಿನಕ್ಕೆ 2,000 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ಡಿ ಕೊಟ್ಟರು. ಉಳಿದವರಿಗೆ ಔಷಧಿ ಇಲ್ಲದ ಸುಮ್ನೆ ಮಾತ್ರೆ. ಕ್ಯಾಲ್ಸಿಯಂ ಗುಂಪಿನಲ್ಲಿ ಬಿರುಕು ನೂರಕ್ಕೆ 20ರಷ್ಟು ಕಮ್ಮಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬಿಟ್ಟು ಪ್ರೋಟೀನ್ ಡಬ್ಬಿ ಹಿಂದೆ ಓಡಬೇಡಿ.

ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒಂದೇ ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದೇ ಒಂದು ಜಾಗದಲ್ಲಿ ಚುಚ್ಚಿದ ಹಾಗೆ ನೋವಾದರೆ, ಒಂದೇ ಕಾಲಲ್ಲಿ ಕುಪ್ಪಳಿಸಿದಾಗ ಅಲ್ಲೇ ಹಿಡಿದರೆ, ಓಟ ಅವತ್ತೇ ನಿಲ್ಲಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. "ರಿಪೋರ್ಟ್ ನಾರ್ಮಲ್ ಇದೆ, ರ‍್ಯಾಲಿಗೆ ಹತ್ತೇ ದಿನ ಇದೆ" ಅಂತ ಅಪ್ಪಂದಿರು ಓಡಿಸಬೇಡಿ. ಬಿರುಕು ಪೂರ್ತಿ ಮುರಿದರೆ ಈ ರ‍್ಯಾಲಿ ಒಂದೇ ಅಲ್ಲ, ಮುಂದಿನದೂ ಹೋಗುತ್ತದೆ.